ಇಳಿದು ನೋಡು

ಮೊದಲ ದಿನವೇ ಹೇಳಿದಳು ವೆರ್ನಾ:
ಬೂಟು ಸೀಟಿನಿಂದ ಹಿಂದಕ್ಕೆ ಬರಕೂಡದು.
ಮೀನಿನ ಡಬ್ಬಿ ಒಳಗೆ ತೆರೆಯಕೂಡದು.
ಅಳುವುದಿದ್ದರೆ ಅಳು, ಗಾಡಿ ನಿಲ್ಲಿಸಿ ಅಳು,
ಕಣ್ಣೀರಿಗೆ ವೈಪರ್ ಇಲ್ಲ.

ನನಗೆ ಮೇಲಿನ ಅಟ್ಟ.
ಎದ್ದು ಕೂತರೆ ನೆತ್ತಿಗೆ ತಗಡು,
ಮಲಗಿದರೆ ಸೊಂಟಕ್ಕೆ ನೆಬ್ರಾಸ್ಕದ ಒಂದೊಂದು ಹೊಂಡ.
ಉರುಳಿ ಬೀಳದಂತೆ ಒಂದು ಬಲೆ, ಅದಕ್ಕೆ ಕೊಕ್ಕೆ.
ನನ್ನ ಮಗ ತೊಟ್ಟಿಲು ಬಿಟ್ಟು ಆರು ವರ್ಷವಾಯ್ತು;
ಮೂವತ್ತೆಂಟಕ್ಕೆ ನಾನು ಹತ್ತಿದೆ.

ನಮ್ಮೂರ ಕಾಗದದ ಗಿರಣಿ ಮುಚ್ಚಿತು ಅಂದಿದ್ದೆ, ಅಷ್ಟೇ.
ಅವತ್ತಿನಿಂದ ನನ್ನ ಹೆಸರು ಗಿರಣಿ.

ಶಾಲೆಯಲ್ಲಿ ಮೂರು ವಾರ ಕಲಿಸಿದ್ದು
ಕಿತ್ತಳೆ ಬಣ್ಣದ ಶಂಕುಗಳ ನಡುವೆ.
ತಾಗಿದರೆ ಶಂಕು ಮಲಗುತ್ತದೆ, ಮತ್ತೇನಿಲ್ಲ.
ಇಲ್ಲಿ ಜೋಲಿಯೆಟ್ಟಿನ ಗೋದಾಮಿನಂಗಳದಲ್ಲಿ
ಎರಡೂ ಬದಿಗೆ ಯಾರದೋ ಹೊಸ ಟ್ರಕ್ಕು,
ಎದುರಿಗೆ ಕಾಯುವ ನಾಲ್ವರು, ಅವರ ಹಾರ್ನು.
ಎಡಕ್ಕೆ ತಿರುವಿದರೆ ಬಲಕ್ಕೆ ಹೋಗುತ್ತದೆ ಟ್ರೇಲರು,
ಹಗ್ಗ ಹಿಡಿದವಳ ಮಾತು ಕೇಳದ
ಐವತ್ತಮೂರು ಅಡಿಯ ಕರು.
ನಲವತ್ತು ನಿಮಿಷ. ಹದಿನೇಳು ಸಲ ಮುಂದೆ, ಹಿಂದೆ.
ವೆರ್ನಾ ಸೂರ್ಯಕಾಂತಿ ಬೀಜ ಕಡಿದು
ಕಾಗದದ ಲೋಟಕ್ಕೆ ಸಿಪ್ಪೆ ಉಗಿದು
ಒಂದೇ ಮಾತು: ಇಳಿದು ನೋಡು.
ಇಳಿದೆ. ನೋಡಿದೆ. ಹತ್ತಿದೆ.
ಮತ್ತೆ: ಇಳಿದು ನೋಡು.
ಕನ್ನಡಿ ಹೇಳೋದು ಅರ್ಧ ಸತ್ಯ, ಗಿರಣಿ,
ಉಳಿದರ್ಧಕ್ಕೆ ಕಾಲು ನೆಲ ಮುಟ್ಟಬೇಕು.

ಜಗಳ ಆದದ್ದು ಹನ್ನೊಂದನೇ ದಿನ, ಹೀಟರಿಗಾಗಿ.
ಅವಳಿಗೆ ಸೆಕೆ, ನನಗೆ ಚಳಿ.
ಎಂಟಡಿಯ ಕೋಣೆಯಲ್ಲಿ ಮುನಿದವರು ಹೋಗುವುದೆಲ್ಲಿಗೆ?
ಬಡಿದು ಹೊರಡಲು ಬಾಗಿಲೇನೋ ಇದೆ,
ಬಾಗಿಲಾಚೆ ಗಂಟೆಗೆ ಅರವತ್ತು ಮೈಲಿ.
ಕೊನೆಗೆ ಶಯೆನ್ನಿನ ಟ್ರಕ್ ಸ್ಟಾಪಿನಲ್ಲಿ
ತನ್ನ ಲೆಕ್ಕದ ಸ್ನಾನದ ಚೀಟಿ ನನ್ನ ಕೈಗೆ ತುರುಕಿ
ಹೋಗು, ನಾರುತ್ತಿದ್ದೀಯ, ಎಂದಳು.
ಕ್ಷಮೆ ಎಂದರೆ ಅದೇ.
ಬಿಸಿನೀರಿನ ಕೆಳಗೆ ನಿಂತೆ ಬಹಳ ಹೊತ್ತು.
ಹನ್ನೊಂದು ದಿನದಲ್ಲಿ ನಾನು ಚಿಲಕ ಹಾಕಿದ ಮೊದಲ ಬಾಗಿಲು.

ಫೋನಿನಲ್ಲಿ ಮಗ: ಎಲ್ಲಿದ್ದೀಯಮ್ಮ?
ತಾಳು, ಬೋರ್ಡು ಬರಲಿ, ಹೇಳ್ತೀನಿ.

ಒಂದನ್ನು ಯಾರೂ ಹೇಳಿರಲಿಲ್ಲ,
ಕಲಿಸುವವರಿಗೆ ನಿದ್ದೆಯಿಲ್ಲ.
ನಿಂತ ಗಾಡಿಯಲ್ಲಿ ವೆರ್ನಾಳ ಗೊರಕೆಗೆ ಲೋಟ ನಡುಗುತ್ತದೆ;
ನಾನು ಸ್ಟೀರಿಂಗ್ ಹಿಡಿದರೆ ಪರದೆಯಾಚೆ ಸದ್ದೇ ಇಲ್ಲ.
ಪರದೆ ಗೇಣಗಲ ತೆರೆದೇ ಇರುತ್ತದೆ.
ನಾನು ಬ್ರೇಕು ಒತ್ತುವ ಮುಂಚೆಯೇ
ಹಾಸಿಗೆಯ ಕಾಲ್ದೆಸೆಯಲ್ಲಿ ಅವಳ ಹಿಮ್ಮಡಿ
ಧಡ್ಡನೆ ಒತ್ತುತ್ತದೆ, ಇಲ್ಲದ ಬ್ರೇಕನ್ನು.

ಇಪ್ಪತ್ತಮೂರನೇ ರಾತ್ರಿ, ವಯೋಮಿಂಗ್, ರಾಲಿನ್ಸ್ ದಾಟಿ.
ರಸ್ತೆಯುದ್ದಕ್ಕೂ ಅಡ್ಡಡ್ಡ ಹರಿಯುವ ಹಿಮದ ಪುಡಿ.
ಇಪ್ಪತ್ತು ಟನ್ ಬೆಕ್ಕಿನ ತಿಂಡಿ ಹೊತ್ತಿದ್ದರೂ
ಗಾಳಿ ಭುಜ ಹಿಡಿದು ಅಲ್ಲಾಡಿಸುತ್ತಿತ್ತು ಗಾಡಿಯನ್ನು.
ವೇಗ ಇಳಿಸಿದೆ, ನಲವತ್ತು, ಮೂವತ್ತೈದು.
ಹಿಂದಿದ್ದವನೊಬ್ಬ ದೀಪ ಮಿಣುಕಿಸಿ, ಬೈದು, ಮುಂದೆ ಹೋದ.
ಹೋಗಲಿ.
ಮೂರು ಗಂಟೆ ಹತ್ತು ನಿಮಿಷಕ್ಕೆ
ಹಿಂದಿನಿಂದ ಒಂದು ಗೊರ್.
ಎಂಜಿನ್ ಕೆಟ್ಟಿತು ಎಂದುಕೊಂಡೆ.
ಮುಳ್ಳುಗಳೆಲ್ಲ ಇರಬೇಕಾದಲ್ಲೇ ಇದ್ದವು.
ಮತ್ತೆ ಗೊರ್‌ರ್, ಈ ಸಲ ಉದ್ದಕ್ಕೆ, ನಿರಾಳವಾಗಿ,
ಮರ ಕುಯ್ಯುವ ಹಾಗೆ.
ರೇಡಿಯೊ ಆರಿಸಿ ಕೇಳುತ್ತಾ ಹೋದೆ
ಯೂಟಾ ಗಡಿಯವರೆಗೆ.

ಅರ್ಹಳು ಎಂದು ಕಂಪನಿಯ ಕಾಗದದಲ್ಲಿ ಗುರುತು ಹಾಕಿದ್ದು
ಐದು ದಿನ ಬಿಟ್ಟು. ಪೆನ್ನು ಎತ್ತಿ ಆಗ ಕೇಳಿದಳು:
ಗಿರಣಿ, ನಿನ್ನ ಹೆಸರು ಬರೆಯೋದು ಹೇಗೆ?
ರೋವೀನಾ, ಅಂದೆ. ದೀರ್ಘ ಎಲ್ಲಿ ಅಂತ ತೋರಿಸಿದೆ.

ಈಗ ನನ್ನದೇ ಗಾಡಿ. ಬೂಟು ಎಲ್ಲಿಗಾದರೂ ಬರಬಹುದು,
ಸೀಟಿನ ಬಳಿಯೇ ಬಿಡುತ್ತೇನೆ.
ಮೇಲಿನ ಅಟ್ಟದಲ್ಲಿ ಚಳಿಗಾಲದ ಕೋಟು, ನೀರಿನ ಬಾಟಲಿಗಳು.
ಕೆಲವು ರಾತ್ರಿ ಬೆನ್ನ ಹಿಂದೆ ಸದ್ದೇ ಇರುವುದಿಲ್ಲ,
ಯಾರೋ ಎಚ್ಚರವಾಗಿದ್ದಾರೆ ಅನ್ನುವಷ್ಟು.
ಆಗ ಬದಿಗೆ ಹಾಕಿ
ಇಳಿದು ನೋಡುತ್ತೇನೆ.